ಇಂದಿನ ಧಮ್ಮ ಚಿಂತನೆ: ಬಿಗಿದ ಬೆರಳು, ಸೋಣನ ವೀಣೆ



ಬಂಧುಗಳೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ಕೇರಿಗಳಲ್ಲಿ ಇಪ್ಪತ್ತು ವರ್ಷ ಭೀಮಗೀತೆಗಳಿಗೆ ಹಾರ್ಮೋನಿಯಂ ನುಡಿಸಿದವನು ನಾನು. ಒಂದು ಏಪ್ರಿಲ್ 14ರ ರಾತ್ರಿ, ಹಾಡಿನ ನಡುವೆಯೇ ಬಲಗೈಯ ಉಂಗುರದ ಬೆರಳು, ಕಿರುಬೆರಳು ತಾವಾಗಿಯೇ ಒಳಕ್ಕೆ ಮಡಚಿಕೊಂಡವು. ನೋವಿಲ್ಲ. ಉಣ್ಣಲು, ಕಾಯಿ ಸುಲಿಯಲು ಅದೇ ಕೈ ಸರಿ. ಹಾರ್ಮೋನಿಯಂ ಮುಟ್ಟಿದರೆ ಮಾತ್ರ ಹಾಗೆ.

ಹಟಕ್ಕೆ ಬಿದ್ದು ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡಿದೆ. ಬೆರಳು ಇನ್ನೂ ಬಿಗಿಯಿತು. ಯಾರೋ ಮಾಟ ಮಾಡಿಸಿದ್ದಾರೆ, ತಾಯಿತ ಕಟ್ಟಿಸು ಎಂದರು ನೆಂಟರು. 22 ಪ್ರತಿಜ್ಞೆ ತೆಗೆದುಕೊಂಡವನು ನಾನು. ಕಾರಣ ಹುಡುಕಿ ಬೆಂಗಳೂರಿನ ನರರೋಗ ತಜ್ಞರ ಬಳಿ ಹೋದೆ.

ಅದರ ಹೆಸರು ಫೋಕಲ್ ಡಿಸ್ಟೋನಿಯಾ. ಒಂದೇ ಚಲನೆಯನ್ನು ವರ್ಷಗಟ್ಟಲೆ ಮಾಡಿದ ಕೆಲವರ ಮಿದುಳಿನಲ್ಲಿ ಅಕ್ಕಪಕ್ಕದ ಬೆರಳುಗಳ ಗುರುತು ಕಲಸಿಹೋಗುತ್ತದೆ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರಿಗೂ 1964ರಲ್ಲಿ ಇವೇ ಬೆರಳುಗಳು ಮಡಚಿದವು. ಬಹುಕಾಲ ಎಡಗೈಯಲ್ಲೇ ನುಡಿಸಿದ ಅವರು, ಬೊಟಾಕ್ಸ್ ಚುಚ್ಚುಮದ್ದಿನ ನೆರವು ಪಡೆದು 2004ರಲ್ಲಿ ಎರಡೂ ಕೈಯ ಧ್ವನಿಮುದ್ರಿಕೆ ತಂದರು.

ಅಂಗುತ್ತರ ನಿಕಾಯದ ಸೋಣ ಭಿಕ್ಖು ನೆನಪಾದ. ಅತಿಯಾಗಿ ಸಾಧನೆ ಮಾಡಿ, ಬೇಸತ್ತು, ಮನೆಗೆ ಮರಳಲು ಯೋಚಿಸಿದವನು. ತಂತಿ ಅತಿ ಬಿಗಿಯಾದರೂ ಸಡಿಲವಾದರೂ ವೀಣೆ ನುಡಿಯದೆಂದು ಭಗವಾನರು ಅವನಿಗೆ ಅವನ ವೀಣೆಯಿಂದಲೇ ತಿಳಿಸಿದರು.

ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮದಲ್ಲಿ ನಾಲ್ಕು ಪ್ರಯತ್ನಗಳಿವೆ. ನನ್ನ ಕೈಗೆ ಅವೇ ಪಾಠವಾದವು:

1. ಬಾರದ ಅಕುಶಲವನ್ನು ತಡೆಯುವುದು: ಬೆರಳು ಮಡಚುವ ವೇಗಕ್ಕೆ ಹೋಗುವುದಿಲ್ಲ.
2. ಬಂದದ್ದನ್ನು ಬಿಡುವುದು: ಬಿಗಿತ ಬಂದ ಕೂಡಲೇ ಕೈ ತೆಗೆಯುತ್ತೇನೆ. ಬೆರಳಿನೊಡನೆ ಜಗಳವಿಲ್ಲ.
3. ಬಾರದ ಕುಶಲವನ್ನು ತರುವುದು: ಹೊಸಬನಂತೆ ಒಂದೊಂದೇ ಸ್ವರ, ಹಗುರ ಸ್ಪರ್ಶ.
4. ಬಂದ ಕುಶಲವನ್ನು ಉಳಿಸುವುದು: ಹತ್ತು ಹತ್ತೇ ನಿಮಿಷ, ಆದರೆ ದಿನವೂ.

ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ಒಣಗಿ, ಕೊಬ್ಬರಿ ತಾನೇ ಚಿಪ್ಪು ಬಿಟ್ಟು ಒಳಗೆ ಅಲುಗಾಡುತ್ತದೆ. ಅವಸರಪಟ್ಟು ಒಡೆದರೆ ಉಂಡೆ ಸಿಗದು.

ಎರಡು ವರ್ಷವಾಯಿತು. ಈಗ ನಿಧಾನದ ಒಂದು ಹಾಡು ಪೂರ್ತಿ ನುಡಿಸುತ್ತೇನೆ. ವೇಗದ್ದು ಇನ್ನೂ ಆಗದು.

ಬಂಧುಗಳೇ, ಯಜಮಾನರ ಅಂಗಳದಲ್ಲಿ ನಮ್ಮ ಅಜ್ಜಂದಿರ ಬೆನ್ನು ಬಾಗಿದ್ದೂ ಹುಟ್ಟಿನಿಂದಲ್ಲ. ದಿನವೂ ಬಾಗಿಸಿ ಕೂರಿಸಿದ ಸಂಖಾರ ಅದು. ದೀಕ್ಷೆ ಪಡೆದ ಮೇಲೂ ಅಂಥ ಅಂಗಳಕ್ಕೆ ಕಾಲಿಟ್ಟರೆ ನನ್ನ ಬೆನ್ನೂ ತಾನಾಗಿಯೇ ಬಾಗುತ್ತದೆ. ಅದಕ್ಕಾಗಿ ನನ್ನನ್ನು ನಾನು ಹಳಿದುಕೊಳ್ಳುವುದಿಲ್ಲ. ಅಭ್ಯಾಸದಿಂದ ಬಂದದ್ದು ಅಭ್ಯಾಸದಿಂದಲೇ ಹೋಗಬೇಕು.

ಇಂದಿನ ಸಂಕಲ್ಪ: ನನ್ನಲ್ಲಿ ಬಿಗಿದಿರುವ ಒಂದನ್ನು ಗುರುತಿಸುತ್ತೇನೆ. ಬಲವಂತ ಮಾಡುವುದಿಲ್ಲ, ಕೈಬಿಡುವುದೂ ಇಲ್ಲ.

ಜೈ ಭೀಮ್ 💙 ನಮೋ ಬುದ್ಧಾಯ 🙏