ನಕಾಶೆ ಕಂಡ ದಾರಿ ಸೈಕಲ್ಲಿಗೂ ಸೇರಿದ್ದು

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಸೈಕಲ್ ಓಡಿಸುವಂತಿಲ್ಲ. ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ಎಲ್ಲ ವಾಹನಗಳನ್ನೂ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಅಲ್ಲಿಂದ ಹೊರಗಿಟ್ಟಿತು. ಕೊಟ್ಟ ಕಾರಣ ವೇಗ ಮತ್ತು ಸುರಕ್ಷತೆ. ಆ ಕಾರಣ ಸರಿಯಾಗಿಯೇ ಇದೆ. ನೂರು ಕಿಲೋಮೀಟರ್ ವೇಗದ ಕಾರಿನ ಪಕ್ಕದಲ್ಲಿ ಸೈಕಲ್ ಇರಬಾರದು. ಆದರೆ ಒಂದು ದಾರಿಯನ್ನು ಮುಚ್ಚಿದ ಮೇಲೆ ಇನ್ನೊಂದು ಯಾವುದು ಎಂದು ಹೇಳುವ ಹೊಣೆಯೂ ಕಾನೂನಿನದೇ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಸೈಕಲ್ ಸವಾರರು ಊರ ಹೊರಗೆ ಹೋಗುವುದು ಮಾಗಡಿ ರಸ್ತೆ ಹಿಡಿದು, ಇಲ್ಲವೇ ಕೆಂಗೇರಿ ದಾಟಿ. ರಾಮೋಹಳ್ಳಿಯ ಆಚೆಗಿನ ದೊಡ್ಡ ಆಲದ ಮರ, ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ, ಸಾವನದುರ್ಗ ಅವರ ಗುರಿಗಳು. ಆ ಹಾದಿಯ ಊರುಗಳ ನಡುವೆ ಡಾಂಬರು ಕಾಣುವ ಮೊದಲೇ ಇದ್ದ ದಾರಿಗಳ ಒಂದು ಬಲೆಯೇ ಇದೆ: ಕೆರೆ ಏರಿಯ ಮೇಲಿನ ದಾರಿ, ತೋಪಿನ ಬದಿಯ ಬಂಡಿದಾರಿ, ಹೊಲದಿಂದ ಹೊಲಕ್ಕೆ ಹೋಗುವ ಕಾಲುದಾರಿ. ಅವುಗಳ ಮೇಲೆ ಸೈಕಲ್ಲಿಗೆ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಕೇಳಿಲ್ಲ. ಹಕ್ಕು ಇದೆ, ನಮ್ಮ ಕಂದಾಯ ದಾಖಲೆಯಲ್ಲೇ ಅದರ ಬೇರಿದೆ, ಅದನ್ನು ಹೆಸರಿಟ್ಟು ಬರೆಯುವುದಷ್ಟೇ ಬಾಕಿ ಎಂಬುದು ನನ್ನ ವಾದ.

ಮೈಸೂರು ಸಂಸ್ಥಾನದಲ್ಲಿ ವ್ಯವಸ್ಥಿತ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಹೊಲಗಳನ್ನು ಅಳೆದು, ಸರ್ವೆ ನಂಬರ್ ಕೊಟ್ಟು, ಊರೂರಿಗೂ ನಕಾಶೆ ಬರೆದರು. ಜನ ನಡೆಯುವ ದಾರಿ ಯಾವುದು, ಎತ್ತಿನ ಗಾಡಿ ಹೋಗುವ ದಾರಿ ಯಾವುದು ಎಂದು ಬೇರೆ ಬೇರೆ ಗೆರೆಗಳಲ್ಲಿ ಗುರುತಿಸಿದರು. ಹಳ್ಳಿಯ ಜಗಳಗಳಲ್ಲಿ ಇಂದಿಗೂ ಕಿವಿಗೆ ಬೀಳುವ ‘ನಕಾಶೆ ಕಂಡ ದಾರಿ’ ಎಂಬ ಮಾತಿಗೆ ಈ ಗೆರೆಗಳೇ ಆಧಾರ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರ್ಕಾರದ ಸ್ವತ್ತು ಎಂದು ಹೇಳುತ್ತದೆ. 1966ರ ನಿಯಮಗಳ 21(2) ಇನ್ನೂ ಒಳಕ್ಕೆ ಇಳಿಯುತ್ತದೆ. ಸರ್ವೆ ನಂಬರಿನೊಳಗೆ ರಸ್ತೆ, ರೂಢಿಯ ಕಾಲುದಾರಿ, ಹಳ್ಳ, ಸ್ಮಶಾನ ಇದ್ದರೆ ಅಷ್ಟು ನೆಲವನ್ನು ಬಿ ಖರಾಬು ಎಂದು ಬೇರೆ ಮಾಡಿ ಬರೆಯಬೇಕು. ಅದಕ್ಕೆ ಕಂದಾಯ ಕಟ್ಟಬೇಕಿಲ್ಲ. ಈ ಕೊನೆಯ ಸಂಗತಿಯನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಹೊಲದ ನಡುವೆ ಹಾದ ದಾರಿಯ ನೆಲಕ್ಕೆ ಒಡೆಯ ಕಂದಾಯ ಕಟ್ಟಿಲ್ಲ, ಅವನ ತಂದೆಯೂ ಕಟ್ಟಿಲ್ಲ. ಆ ಪಟ್ಟಿ ಅವನ ಹಿಡುವಳಿಯ ಲೆಕ್ಕಕ್ಕೇ ಸೇರಿದ್ದಲ್ಲ. ಅಲ್ಲಿ ಹೋಗುವವರು ಯಾರ ಉಪಕಾರದ ಮೇಲೂ ಹೋಗುತ್ತಿಲ್ಲ. ಆ ದಾರಿಯ ಮೇಲಿನ ಸಾರ್ವಜನಿಕ ಹಕ್ಕನ್ನು ಕೊನೆಗಾಣಿಸಲು ಅದೇ ಅಧಿನಿಯಮದ 68ನೇ ಪ್ರಕರಣದಲ್ಲಿ ಪ್ರತ್ಯೇಕ ಕ್ರಮವಿದೆ: ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ರಾತ್ರೋರಾತ್ರಿ ಎದ್ದ ತಂತಿಬೇಲಿಯಿಂದ ಆ ಹಕ್ಕು ಸಾಯುವುದಿಲ್ಲ.

ದಾರಿ ಸಾರ್ವಜನಿಕವಾದದ್ದು ಸರಿ, ಸೈಕಲ್ಲಿಗೆ ಅಲ್ಲಿ ಜಾಗವುಂಟೇ? ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆಯ ತೂಕ ಗೊತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರ ಕಾಯ್ದೆಯಂತೆ ಹಳ್ಳಿಗಾಡಿನ ಸಾರ್ವಜನಿಕ ದಾರಿಗಳನ್ನು ಅಧಿಕೃತ ನಕಾಶೆಗೆ ಏರಿಸಿದರು. ಅದರಲ್ಲಿ ಫುಟ್‌ಪಾತ್ ಎಂದು ಗುರುತಾದ ದಾರಿ ನಡೆಯುವವರಿಗೆ ಮಾತ್ರ. ಅಲ್ಲಿ ಸೈಕಲ್ ತುಳಿದರೆ ಭೂಮಾಲೀಕನ ಸ್ವತ್ತಿನ ಮೇಲೆ ಅತಿಕ್ರಮಣ ಮಾಡಿದಂತೆ. ಕುದುರೆ ಸವಾರರಿಗೆಂದು ಇದ್ದ ಬ್ರೈಡಲ್‌ವೇಗಳನ್ನು ಸೈಕಲ್ಲಿಗೆ ತೆರೆದದ್ದು 1968ರ ಕಾಯ್ದೆಯ 30ನೇ ಪ್ರಕರಣ. ನಡೆಯುವವರಿಗೂ ಕುದುರೆಗೂ ಸೈಕಲ್ ಸವಾರ ದಾರಿ ಬಿಡಬೇಕು, ಸೈಕಲ್ಲಿಗಾಗಿ ಆ ದಾರಿಯನ್ನು ಅನುಕೂಲ ಮಾಡಿಕೊಡುವ ಹೊಣೆ ಸ್ಥಳೀಯ ಆಡಳಿತದ ಮೇಲಿಲ್ಲ ಎಂಬ ಎರಡು ಷರತ್ತುಗಳೂ ಜೊತೆಗೇ ಬಂದವು. ಸ್ಕಾಟ್ಲೆಂಡ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. 2003ರ ಅಲ್ಲಿನ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಸೈಕಲ್ಲಿನಲ್ಲಿ ಬಹುತೇಕ ಎಲ್ಲ ನೆಲದ ಮೇಲೂ ಹೋಗುವ ಹಕ್ಕು ಕೊಟ್ಟಿತು. ಮೋಟಾರು ವಾಹನಕ್ಕೆ ಕೊಡಲಿಲ್ಲ. ಅಮೆರಿಕದಲ್ಲಿ 1964ರ ವಿಲ್ಡರ್‌ನೆಸ್ ಕಾಯ್ದೆಯಡಿ ಕಾಯ್ದಿಟ್ಟ ಕಾಡುಗಳಿಗೆ ಸೈಕಲ್ ಪ್ರವೇಶವೇ ಇಲ್ಲ. ದೇಶ ಯಾವುದಾದರೂ ಸೈಕಲ್ಲಿನ ಸ್ಥಾನವನ್ನು ಅಲ್ಲೆಲ್ಲ ಬಾಯಿಬಿಟ್ಟು ಹೇಳಿದ್ದಾರೆ. ನಮ್ಮಲ್ಲಿ ಕಾನೂನು ಸುಮ್ಮನಿದೆ. ಪಾದಚಾರಿಗೆ ಕಾಲುದಾರಿ, ಗಾಡಿಗೆ ಬಂಡಿದಾರಿ ಎಂದು ಗುರುತಿಸಿದ ಸರ್ವೆಯವರ ಕಾಲಕ್ಕೆ ಈ ಸೀಮೆಯಲ್ಲಿ ಸೈಕಲ್ಲೇ ಇರಲಿಲ್ಲ.

ಆ ಮೌನವನ್ನು ಹೇಗೆ ಓದಬೇಕು? ಬಂಡಿದಾರಿಯ ಮಟ್ಟಿಗೆ ಉತ್ತರ ಸುಲಭ. ಜೋಡೆತ್ತು ಕಟ್ಟಿದ, ಹುಲ್ಲೋ ಗೊಬ್ಬರವೋ ತುಂಬಿದ ಗಾಡಿಗೆ ಹಕ್ಕಿರುವ ನೆಲದಲ್ಲಿ ಅದಕ್ಕಿಂತ ಕಿರಿದಾದ, ಹಗುರವಾದ, ನೆಲವನ್ನು ಅಷ್ಟು ಕೊರೆಯದ ಸೈಕಲ್ಲಿಗೆ ಹಕ್ಕಿಲ್ಲ ಎನ್ನುವುದಕ್ಕೆ ಯಾವ ನ್ಯಾಯವೂ ಸಿಗುವುದಿಲ್ಲ. ದೊಡ್ಡ ಹಕ್ಕಿನೊಳಗೆ ಚಿಕ್ಕದು ಅಡಗಿರುತ್ತದೆ. ಕಾಲುದಾರಿಯ ವಿಷಯ ಬೇರೆ. ಅಲ್ಲಿ ಇಂಗ್ಲೆಂಡಿನ 1968ರ ಷರತ್ತು ನಮಗೆ ಒಗ್ಗುತ್ತದೆ: ನಡೆಯುವವರು ಮೊದಲು, ಇಕ್ಕಟ್ಟಿನಲ್ಲಿ ಸೈಕಲ್ಲಿಂದ ಇಳಿದು ತಳ್ಳಿಕೊಂಡು ಹೋಗಬೇಕು. ಹಳ್ಳಿಯ ಜನ ಈಗಲೂ ನಡೆಸಿಕೊಂಡು ಬಂದಿರುವುದು ಇದನ್ನೇ. ಹಾಲಿನ ಕ್ಯಾನು ತೂಗುಹಾಕಿಕೊಂಡು ಡೇರಿಗೆ ಹೋಗುವವರು, ಮೇವಿನ ಹೊರೆ ತರುವವರು ಈ ದಾರಿಗಳಲ್ಲಿ ಸೈಕಲ್ ತಳ್ಳದ ದಿನವಿಲ್ಲ. ಸರ್ಕಾರವೂ ಸೈಕಲ್ಲನ್ನು ಕಾಣದೆ ಇಲ್ಲ. ಹಿಂದೆ ಪುರಸಭೆಗಳು ಸೈಕಲ್ಲಿಗೆ ತೆರಿಗೆ ವಸೂಲಿ ಮಾಡಿ ಬಿಲ್ಲೆ ಕೊಡುತ್ತಿದ್ದವು. 2006–07ರಿಂದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರ ಉಚಿತ ಸೈಕಲ್ ಹಂಚಿತು. ದೂರದ ಪ್ರೌಢಶಾಲೆಗೆ, ಅದರಲ್ಲೂ ಹೆಣ್ಣುಮಕ್ಕಳು, ಹೋಗಿ ಬರಲೆಂಬುದು ಅದರ ಉದ್ದೇಶ. ಮಗುವಿನ ಕೈಗೆ ಸೈಕಲ್ ಕೊಟ್ಟ ಸರ್ಕಾರ ಶಾಲೆಗೆ ಹತ್ತಿರದ ಬಂಡಿದಾರಿಯಲ್ಲಿ ಅದಕ್ಕೆ ಹಕ್ಕಿಲ್ಲ ಎಂದು ಹೇಳಲಾರದು.

ಈ ಮಾತು ಪಶ್ಚಿಮ ಬೆಂಗಳೂರಿಗೆ ಇಂದು ತುರ್ತಾಗಿರುವುದಕ್ಕೆ ಕಾರಣವಿದೆ. ಕೆಂಗೇರಿ ಪುರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಮೆಟ್ರೊ ಬಂತು. ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆಯಂಥ ಊರುಗಳ ಜಮೀನಿನ ಮೇಲೆ ನಾಡಪ್ರಭು ಕೆಂಪೇಗೌಡ ಬಡಾವಣೆ ಏಳುತ್ತಿದೆ. ಬಡಾವಣೆಯ ನಕ್ಷೆ ಬರೆಯುವವರು ಹಳೆಯ ಗ್ರಾಮ ನಕಾಶೆಯ ಮೇಲೆ ಹೊಸ ಚೌಕಗಳನ್ನು ಎಳೆಯುತ್ತಾರೆ. ಕೆರೆಗಳನ್ನು ಉಳಿಸುವ ಮಾತು ಈಗ ನ್ಯಾಯಾಲಯಗಳ ಒತ್ತಾಯದಿಂದಲಾದರೂ ಕೇಳಿಬರುತ್ತಿದೆ. ಕೆರೆಯಿಂದ ಊರಿಗೆ, ಊರಿಂದ ಊರಿಗೆ ಇದ್ದ ದಾರಿಯ ಮಾತು ಯಾರ ಬಾಯಲ್ಲೂ ಇಲ್ಲ. ಬದಲಿಗೆ ಅಗಲವಾದ ರಸ್ತೆ ಸಿಗುತ್ತದಲ್ಲ ಎನ್ನಬಹುದು. ಕಾರಿಗೆ ಸಿಗುತ್ತದೆ. ಸೈಕಲ್ಲಿನ ಹುಡುಗಿಗೆ ಲಾರಿ ಓಡಾಡದ ಕೆರೆ ಏರಿಯ ದಾರಿ ಹೋಗಿ ಲಾರಿ ಓಡಾಡುವ ರಸ್ತೆ ಬಂತು. ಮೀಸಲು ಅರಣ್ಯದಲ್ಲಿ ಒಂದು ದಾರಿ ಮುಚ್ಚಬೇಕಾದರೂ ತಕ್ಕಮಟ್ಟಿಗೆ ಅನುಕೂಲವಾದ ಬದಲಿ ದಾರಿ ಇರಲೇಬೇಕು ಎಂದು 1927ರ ಭಾರತೀಯ ಅರಣ್ಯ ಅಧಿನಿಯಮದ 25ನೇ ಪ್ರಕರಣ ಹೇಳುತ್ತದೆ. ಬ್ರಿಟಿಷರ ಕಾಲದ ಕಾಡಿನ ಕಾನೂನಿಗೆ ಹೊಳೆದ ಈ ನ್ಯಾಯ ನಮ್ಮ ಬಡಾವಣೆಗಳಿಗೆ ಯಾಕೆ ಬೇಡ? ಮಾಗಡಿ ರಸ್ತೆಯ ಕಡೆಯಂತೂ ಖಾಸಗಿ ಲೇಔಟು, ಫಾರಂ ಪ್ಲಾಟುಗಳ ಹಾವಳಿ. 2020ರ ಭೂಸುಧಾರಣಾ ತಿದ್ದುಪಡಿಯಿಂದ ರೈತರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾದ ಮೇಲೆ ಕಾಂಪೌಂಡು ಹಾಕುವ ಕೈಗಳೂ ಹೆಚ್ಚಿವೆ.

ಸೈಕಲ್ಲಿನ ಈ ಹಕ್ಕಿನ ವಿರುದ್ಧ ಬರುವ ಮೊದಲ ಆಕ್ಷೇಪ ರೈತರದು. ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ಅನ್ಯಾಯ. ಪೇಟೆಯ ಜನ ಮೋಜಿಗೆ ಬಂದು ಬೆಳೆ ತುಳಿಯುತ್ತಾರೆ, ಕಸ ಎಸೆಯುತ್ತಾರೆ, ತೋಟದಲ್ಲಿ ಕಾಯಿ ಕೀಳುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದು ಸ್ಕಾಟ್ಲೆಂಡಿನ ಹಕ್ಕನ್ನಲ್ಲ. ಅಲ್ಲಿಯೂ ಬೆಳೆ ನಿಂತ ನೆಲ, ಮನೆಯ ಅಂಗಳ ಹಕ್ಕಿನ ಹೊರಗೇ ಇವೆ. ನಮ್ಮ ಸಣ್ಣ ಹಿಡುವಳಿಗಳಲ್ಲಿ ಹೊಲದ ಮೇಲೆ ತಿರುಗಾಡುವ ಹಕ್ಕು ಕೇಳುವುದು ಸಲ್ಲದು. ಕೇಳುವುದು ನಕಾಶೆಯಲ್ಲಿರುವ ದಾರಿಯನ್ನು ಮಾತ್ರ, ಅದರ ಅಗಲದೊಳಗೆ ಮಾತ್ರ. ದಾರಿ ಮುಚ್ಚಿದರೆ ಮೊದಲು ಸೋಲುವವನೂ ರೈತನೇ. ಪಕ್ಕದ ಜಮೀನಿನವರು ಅಡ್ಡಗಟ್ಟಿ ಗೊಬ್ಬರ ಒಯ್ಯಲಾಗದೆ, ಫಸಲು ತರಲಾಗದೆ ಒದ್ದಾಡಿದ ರೈತರ ದೂರುಗಳಿಂದಲೇ 2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿತು. ನಕಾಶೆ ಕಂಡ ಕಾಲುದಾರಿ, ಬಂಡಿದಾರಿಗಳಿಗೆ ಅಡ್ಡಿ ಮಾಡಿದ್ದರೆ ತೆರವು ಮಾಡಿಸಿ ಎಂಬುದು ಅದರ ತಿರುಳು. ನೆಲ ಅಥವಾ ನೀರಿನ ಬಳಕೆಯ ಹಕ್ಕಿನ ಜಗಳ ಶಾಂತಿಭಂಗಕ್ಕೆ ತಿರುಗುವಂತಿದ್ದರೆ ವಿಚಾರಿಸಿ ಆದೇಶ ಮಾಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 147ನೇ ಪ್ರಕರಣದಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ರಲ್ಲಿದೆ. ಊರ ಸಾಮೂಹಿಕ ನೆಲದ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ರೈತನಿಗೆ ಬೇಕಾದ ದಾರಿ, ಸೈಕಲ್ಲಿಗೆ ಬೇಕಾದ ದಾರಿ ಎರಡೂ ಒಂದೇ. ಅದು ಉಳಿಯಲು ಓಡಾಟ ಇರಬೇಕು. ಯಾರೂ ಓಡಾಡದ ದಾರಿಯಲ್ಲಿ ಮೊದಲು ಲಂಟಾನ ಬೆಳೆಯುತ್ತದೆ, ಆಮೇಲೆ ಬೇಲಿ.

ಸೈಕಲ್ಲಿಗೆ ತೆರೆದರೆ ಅದರ ಹಿಂದೆಯೇ ಬೈಕುಗಳ ಹಿಂಡು ಬರುತ್ತದೆ ಎಂಬ ಆತಂಕವೂ ಇದೆ. ಬೈಕು ಈಗಾಗಲೇ ಬಂದಾಗಿದೆ, ಯಾರ ಅಪ್ಪಣೆಯನ್ನೂ ಕಾಯದೆ. ಅದನ್ನು ತಡೆಯಲು ಮೋಟಾರು ವಾಹನ ಕಾಯ್ದೆಯ 115ನೇ ಪ್ರಕರಣದಲ್ಲಿ ಅಧಿಕಾರವಿದೆ. ಮೋಟಾರಿಲ್ಲದ ಓಡಾಟಕ್ಕೆಂದು ದಾರಿಯನ್ನು ಗುರುತಿಸಿದರೆ ಆ ಅಧಿಕಾರ ಬಳಸಲು ಕಾರಣವೂ ಸಿಗುತ್ತದೆ. ಇನ್ನು ಸಾವನದುರ್ಗ, ತುರಹಳ್ಳಿಯಂಥ ಅರಣ್ಯಗಳು. ಅಲ್ಲಿ ಅರಣ್ಯ ಇಲಾಖೆಯ ಮಾತೇ ನಡೆಯಬೇಕು. ಗುಡ್ಡದ ಮಣ್ಣು ಕೊರೆಯುತ್ತಾ ಇಳಿಯುವ ಸಾಹಸ ಸವಾರಿಯನ್ನೂ ಊರಿಂದೂರಿಗೆ ಹೋಗುವ ಹಕ್ಕನ್ನೂ ಒಂದೇ ಗಂಟಿಗೆ ಕಟ್ಟುವುದರಿಂದ ಎರಡನೆಯದಕ್ಕೇ ಹಾನಿ.

ಆಗಬೇಕಾದ ಕೆಲಸ ದೊಡ್ಡದಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ ಸಕ್ರಿಯ ಸಂಚಾರ ಮಸೂದೆಯ ಕರಡು ಸಿದ್ಧಪಡಿಸಿತು; ಅದು ನಗರದ ಬೀದಿಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಕರಡು. ಅದಕ್ಕೆ ಜೀವ ಬರಲಿ, ಜೊತೆಗೆ ಭೂಕಂದಾಯ ನಿಯಮಗಳಿಗೆ ಒಂದು ವಾಕ್ಯ ಸೇರಲಿ: ಬಂಡಿದಾರಿಯಲ್ಲಿ ಸೈಕಲ್ಲಿಗೆ ಹಕ್ಕುಂಟು, ಕಾಲುದಾರಿಯಲ್ಲಿ ನಡೆಯುವವರಿಗೆ ದಾರಿ ಬಿಟ್ಟು ಸೈಕಲ್ ಹೋಗಬಹುದು. ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಹಳೆಯ ದಾರಿ ಹೊಸ ನಕ್ಷೆಯಲ್ಲಿ ಎಲ್ಲಿ ಉಳಿದಿದೆ ಎಂದು ತೋರಿಸುವುದು ಕಡ್ಡಾಯವಾಗಲಿ.

ಇದನ್ನು ಓದುವ ಅನೇಕರಿಗೆ ಪಶ್ಚಿಮ ಬೆಂಗಳೂರಿನ ಸೀಮೆಯಲ್ಲಿ ಸೈಟೋ ಪಿತ್ರಾರ್ಜಿತ ಜಮೀನೋ ಇದೆ. ಕಾಂಪೌಂಡು ಕಟ್ಟಿಸುವ ಕೆಲಸವನ್ನು ದೂರದಿಂದ ಫೋನಿನಲ್ಲಿ ವಹಿಸುವ ಮೊದಲು ಎರಡು ಕಾಗದ ತರಿಸಿಕೊಳ್ಳಿ: ಗ್ರಾಮ ನಕಾಶೆಯ ಪ್ರತಿ, ಮತ್ತು ಖರಾಬಿನ ವಿವರವಿರುವ ಪಹಣಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನೂ ನೋಡಬಹುದು. ನಿಮ್ಮ ನೆಲದೊಳಗೆ ದಾರಿಯ ಗೆರೆ ಕಂಡರೆ ಗೋಡೆಯನ್ನು ಅದರಿಂದ ಈಚೆಗೆ ಕಟ್ಟಿಸಿ, ದಾರಿಯನ್ನು ಇದ್ದಂತೆ ಬಿಡಿ.