ಬೇವಿನ ಹೂವಿನ ಕಾಲದ ಒಂದು ಮಾತು

ನಮ್ಮ ಅಕ್ಕಲಕೋಟೆಯ ಸೀಮೆಯಲ್ಲಿ ವಸಂತನು ಕವಿಗಳು ಬಣ್ಣಿಸುವ ವೈಭವದಿಂದ ಬರುವುದಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿದು, ಎರೆಯ ಹೊಲಗಳು ಬರಿದಾಗಿ ಬಿರುಕು ಬಿಟ್ಟಿರುವಾಗ, ಬಾವಿಗಳು ತಳ ಕಾಣುತ್ತಿರುವಾಗ, ಶಾಲೆಯ ಪಕ್ಕದ ಬೇವಿನ ಮರವು ಒಂದು ದಿನ ಬೆಳಗಾಗುವುದರೊಳಗೆ ಹೂವಿನ ಕಂಪನ್ನು ಚೆಲ್ಲಿಬಿಡುತ್ತದೆ. ವಸಂತ ಬಂದಿತೆಂದು ನಾವು ಅರಿಯುವುದು ಆ ಕಂಪಿನಿಂದಲೇ. ಯುಗಾದಿಯ ದಿನ ಒಂದು ಮನೆಯ ಮುಂದೆ ಗುಡಿ ಏರಿರುತ್ತದೆ, ಮಗ್ಗುಲ ಮನೆಯಲ್ಲಿ ಬೇವುಬೆಲ್ಲ ಕಲಸುತ್ತಿರುತ್ತಾರೆ. ಎರಡನ್ನೂ ಮಾಡುವ ಮನೆಗಳಿಗೂ ಇಲ್ಲಿ ಕೊರತೆಯಿಲ್ಲ. ಕಾಳಿದಾಸನು ‘ಋತುಸಂಹಾರ’ವನ್ನು ಗ್ರೀಷ್ಮದಿಂದ ತೊಡಗಿ ವಸಂತದಲ್ಲಿ ಮುಗಿಸಿದನು. ಶಾಲೆಯ ಲೆಕ್ಕಕ್ಕೆ ಆ ಕ್ರಮವೇ ಸರಿಯೆಂದು ನಮಗೆ ತೋರುತ್ತದೆ. ನಮ್ಮ ವರ್ಷವೂ ವಸಂತದೊಡನೆಯೇ ಮುಗಿಯುವುದು. ಪರೀಕ್ಷೆ, ಹಾಜರಿ ಪುಸ್ತಕದ ಕೂಡಿಕೆ, ಬರುವ ಜೂನಿಗೆ ಮೊದಲನೆಯ ಇಯತ್ತೆಗೆ ಎಷ್ಟು ಮಕ್ಕಳು ಬಂದಾರೆಂಬ ಚಿಂತೆ, ಇವೆಲ್ಲ ಬೇವಿನ ಹೂವಿನ ಜೊತೆಗೇ ಬರುತ್ತವೆ.

ಅದೇ ಕಂಪು ಪ್ರತಿವರ್ಷ ನಮ್ಮನ್ನು ತರಬೇತಿ ಕಾಲೇಜಿನ ಅಂಗಳಕ್ಕೂ ಕರೆದೊಯ್ಯುತ್ತದೆ. ಅಲ್ಲಿಯೂ ಒಂದು ಬೇವಿನ ಮರವಿತ್ತು. ಬೀಳ್ಕೊಡುಗೆಯ ದಿನ ಅದರ ನೆರಳಿನಲ್ಲಿ ಅಧ್ಯಾಪಕರೆಲ್ಲ ಒಂದೊಂದು ಹಿತವಚನ ಹೇಳಿದರು. ಕೊನೆಯ ಸಾಲಿನ ಮಗುವಿಗೆ ಕಾಣುವಂತೆ ಹಲಗೆಯ ಮೇಲೆ ಬರೆಯಿರಿ ಎಂದರು ಒಬ್ಬರು. ತಿಳಿಯದುದನ್ನು ತಿಳಿಯದೆಂದೇ ಹೇಳಿರಿ ಎಂದರು ಇನ್ನೊಬ್ಬರು. ಮನಶ್ಶಾಸ್ತ್ರ ಕಲಿಸುತ್ತಿದ್ದ ಗುರುಗಳು ಮಾತ್ರ, “ತಂದೆತಾಯಿಗಳು ನಿಮ್ಮ ಸಲಹೆ ಕೇಳಿದಾಗ ನಿಮ್ಮ ಕುರ್ಚಿಯನ್ನು ಹೊರಗಿಟ್ಟು ಉತ್ತರ ಕೊಡಿರಿ” ಎಂದಷ್ಟೇ ನುಡಿದು ಕುಳಿತುಬಿಟ್ಟರು. ಇದೇನು ಒಗಟೆಂದು ಗೆಳೆಯರೆಲ್ಲ ನಕ್ಕೆವು. ಒಗಟು ಬಿಡಿಸಲು ನಮಗೆ ಹತ್ತು ವರ್ಷಗಳ ಮೇಲಾಯಿತು.

ಎರಡು ವಸಂತಗಳ ಹಿಂದಿನ ಸಂಗತಿ. ನಾವೂ ನಮ್ಮ ಸಹೋದ್ಯೋಗಿಗಳೂ ಮಕ್ಕಳ ದಾಖಲೆಗಾಗಿ ಮನೆಮನೆ ತಿರುಗುತ್ತಿದ್ದೆವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಕಿರಿಯ ಇಯತ್ತೆಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮಕ್ಕಳು ಹೆಚ್ಚಿದರೆ ಹುದ್ದೆಯೂ ಹೆಚ್ಚು, ಕಡಿಮೆಯಾದರೆ ಹುದ್ದೆಯ ಮೇಲೆ ಕಣ್ಣು. ವಾಚಕರಲ್ಲಿ ಶಿಕ್ಷಕರಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲಗಳಲ್ಲಿ ಕೂಲಿ ಮಾಡುವ ಒಬ್ಬರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಮಗನಿಗೆ ಆರು ವರ್ಷ. ನಮ್ಮ ಮಾತನ್ನೆಲ್ಲ ಕೇಳಿ ಅವರು, “ಗುರೂಜಿ, ನಿಮ್ಮ ಕೂಸ ಆಗಿದ್ರ ಎಲ್ಲಿ ಹಾಕ್ತಿದ್ರಿ?” ಎಂದು ಕೇಳಿದರು.

ನಮ್ಮ ಮಗಳು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ನಾವು ಅದನ್ನು ಹೇಳಲಿಲ್ಲ. ತಾಯ್ನುಡಿಯ ಹಿರಿಮೆಯನ್ನು ಹೇಳಿದೆವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯನ್ನೂ ಹೇಳಿದೆವು. ಕೂಲಿಯವರ ಕಟ್ಟೆಯ ಮುಂದೆ ಸಂವಿಧಾನದ ವಿಧಿ! ಜೂನಿನಲ್ಲಿ ಹುಡುಗ ಶಾಲೆಗೆ ಬಂದನು. ಸಂಖ್ಯೆ ಒಂದು ಹೆಚ್ಚಿತು.

ನಾವು ಕೊಟ್ಟ ಸಲಹೆ ತಪ್ಪೇ? ಹಾಗೆನ್ನಲಾರೆವು. ಮನೆಯ ಮಾತಿನಲ್ಲಿ ಅಕ್ಷರ ಕಲಿಯುವ ಮಗು, ಹೊಸ ಮಾತು ಮತ್ತು ಹೊಸ ಅಕ್ಷರಗಳೆಂಬ ಎರಡು ಹೊರೆಗಳನ್ನು ಒಮ್ಮೆಗೇ ಹೊರಬೇಕಾಗಿಲ್ಲವೆಂಬುದನ್ನು ನಾವು ದಿನವೂ ಕಾಣುತ್ತೇವೆ. ಹಾಗಾದರೆ, ಸರಿಯಾದ ಸಲಹೆಯನ್ನು ಸ್ವಾರ್ಥಕ್ಕಾಗಿ ಕೊಟ್ಟರೆ ಅದು ಕೆಡುವುದೆ? ಕಳ್ಳ ತೂಕದ ವ್ಯಾಪಾರಿ ಮಾರಿದ ಬೀಜವೂ ಮೊಳೆಯುತ್ತದೆಯಲ್ಲ ಎಂದು ಬಹುದಿನ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆದರೆ ಬೀಜವನ್ನು ರೈತನು ಅಂಗೈಯಲ್ಲಿಟ್ಟು ನೋಡಬಲ್ಲನು. ಸಲಹೆಯ ಫಲ ಕಾಣಲು ಹದಿನೈದು ವರ್ಷ ಬೇಕು. ಅದುವರೆಗೆ ಕೇಳಿದವರು ನಂಬುವುದು ಹೇಳಿದವರ ಮುಖವನ್ನು. ನಮ್ಮ ಹುದ್ದೆಯ ಮಾತನ್ನೂ ಮಗಳ ಮಾತನ್ನೂ ಮುಚ್ಚಿಟ್ಟಾಗ, ತೂಗಿ ನೋಡಲು ಅವರಿಗಿದ್ದ ಕಲ್ಲುಗಳನ್ನೇ ನಾವು ಎತ್ತಿಟ್ಟುಕೊಂಡಂತಾಯಿತು. ಮಾಧ್ಯಮದ ಆಯ್ಕೆ ತಂದೆತಾಯಿಗಳದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅರ್ಧ ಸಂಗತಿ ತಿಳಿದವರು ಮಾಡುವ ಆಯ್ಕೆ ಯಾರ ಆಯ್ಕೆ?

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಬುದ್ಧಿ ಹೇಳುವ ಪ್ರಸಂಗವುಂಟು. ತಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನಷ್ಟೇ ಅನುಸರಿಸಬೇಕು, ಉಳಿದುದನ್ನಲ್ಲ ಎಂದು ಗುರುವೇ ಅಲ್ಲಿ ಹೇಳುತ್ತಾನೆ. ನುಡಿದಂತೆ ನಡೆಯದವರಿಗೆ ಇದು ಒಳ್ಳೆಯ ಆಸರೆಯೆಂದು ಒಮ್ಮೆ ಹಿಗ್ಗಿದ್ದೆವು. ಆದರೆ ಆ ಗುರು ತನ್ನಲ್ಲಿ ಉಳಿದುದೂ ಇರಬಹುದೆಂದು ಮೊದಲೇ ಒಪ್ಪಿಕೊಂಡನು. ನಾವು ಒಪ್ಪಿಕೊಂಡಿರಲಿಲ್ಲ.

ಮರಳಿ ಹೋಗಿ ಹೇಳಿಬರೋಣವೆಂದಾಗ ಸಹೋದ್ಯೋಗಿಗಳು ಬೇಡವೆಂದರು. “ನಿಮ್ಮ ಮನಸ್ಸು ಹಗುರಾಗಲೆಂದು ಶಾಲೆಯನ್ನು ಮುಚ್ಚಿಸುವಿರೇನು? ಇದ್ದ ಮಕ್ಕಳು ಎಲ್ಲಿಗೆ ಹೋಗಬೇಕು?” ಎಂದು ಕೇಳಿದರು. ಗಡಿನಾಡಿನಲ್ಲಿ ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಒಂದು ಕನ್ನಡ ಶಾಲೆಗೆ ಬೀಗ ಬಿದ್ದ ಊರಿನಲ್ಲಿ ಮತ್ತೊಂದು ತೆರೆಯುವುದು ಸುಲಭವಲ್ಲ. ಅವರಿಗೆ ಕೊಡಲು ಪೂರ್ಣ ಉತ್ತರ ನಮ್ಮಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಮುಂದಿನ ವಸಂತದಲ್ಲಿ, ಬೇವು ಹೂಬಿಟ್ಟ ಮೇಲೆ, ಒಂದು ಸಂಜೆ ಹೋದೆವು. ಮಗಳ ವಿಷಯ, ಹುದ್ದೆಯ ವಿಷಯ ಎರಡನ್ನೂ ಹೇಳಿದೆವು. ಕನ್ನಡದಲ್ಲಿ ಓದಿದವರು ಈ ರಾಜ್ಯದಲ್ಲಿ ನೌಕರಿ ಹುಡುಕುವಾಗ ಮರಾಠಿಯನ್ನು ಚೆನ್ನಾಗಿ ಬಲ್ಲವರಾಗಿರಬೇಕೆಂಬುದನ್ನೂ ಮರೆಮಾಚಲಿಲ್ಲ.

ಅವರು ನಕ್ಕರು. “ಗೊತ್ತಿತ್ರೀ ಗುರೂಜಿ. ನಿಮ್ಮ ಮಗಳು ದಿನಾ ನಮ್ಮ ಮುಂದನ ಗಾಡಿ ಹತ್ತತಾಳ. ನೀವು ಏನಂತೀರಿ ನೋಡೂಣು ಅಂತ ಕೇಳಿದ್ದೆ.”

ನಾವು ತಲೆ ತಗ್ಗಿಸಿದೆವು. ಹಾಗಿದ್ದರೂ ಮಗನನ್ನು ಏಕೆ ಕಳಿಸಿದಿರೆಂದು ಕೇಳಿದೆವು.

“ಅವರವ್ವ ನಾಕನೇ ಇಯತ್ತೆತನಕ ಕನ್ನಡ ಕಲತಾಳ್ರೀ. ಮನ್ಯಾಗ ಓದಿಸ್ತಾಳ. ಇಂಗ್ಲಿಷ್ ಸಾಲಿಗೆ ಹಾಕಿದ್ರ ಯಾರ ಓದಸವ್ರು?”

ನಮ್ಮ ಭಾಷಣಕ್ಕಾಗಲಿ ಸಂವಿಧಾನದ ವಿಧಿಗಾಗಲಿ ಆ ನಿರ್ಧಾರದಲ್ಲಿ ಪಾಲೇ ಇರಲಿಲ್ಲ. ಒಳಗಿನಿಂದ ಹುಡುಗನು ಪಾಠವನ್ನು ಒಪ್ಪಿಸುವ ದನಿ ಕೇಳಿಬರುತ್ತಿತ್ತು. ನಡುವೆ ಒಮ್ಮೆ ತಾಯಿ ತಿದ್ದಿದರು. ಹಿಂದಿನ ಸಲ ನಾವು ನಿಂತುಕೊಂಡೇ ಮಾತಾಡಿ ಹೊರಟಿದ್ದೆವು. ಈ ಸಲ ಅವರು ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, “ಈಗ ಹೇಳ್ರಿ, ಏಳನೇ ಇಯತ್ತೆ ಮುಗದ ಮ್ಯಾಲ ಇಂವನ್ನ ಎಲ್ಲಿಗೆ ಕಳಸೂದು?” ಎಂದರು. ನಾವು ಕುಳಿತುಕೊಂಡೆವು.