ಭರನ್ಯಾಸವೂ ಜುಮಾರೂ

ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದಿಂದ ಮೊದಲ್ಗೊಂಡು ರಾಯಕೋಟೆ, ಕೃಷ್ಣಗಿರಿಗಳ ದುರ್ಗಗಳವರೆಗೆ ಹೆಬ್ಬಂಡೆಗಳೇ ದಿಗಂತವಾಗಿ ನಿಂತಿರುವ ಈ ಸೀಮೆಯಲ್ಲಿ, ಕನ್ನಡ ತೆಲುಗು ತಮಿಳುಗಳನ್ನು ಬೆರೆಸಿ ನುಡಿಯುವ ದುಡಿಮೆಗಾರರು ಆಯುಧಪೂಜೆಯಂದು ತಮ್ಮ ಉಪಕರಣಗಳನ್ನು ತೊಳೆದು ಗಂಧ ಕುಂಕುಮಗಳನ್ನಿಟ್ಟು ಕೈಮುಗಿಯುವರು. ಕಾರ್ಖಾನೆಯ ಲೇತಿಗೂ ಪೂಜೆ, ಕಲ್ಲುಕುಟಿಗನ ಉಳಿಗೂ ಪೂಜೆ. ಹಗ್ಗಕ್ಕೆ ತೂಗಿಬಿದ್ದು ಎತ್ತರದಲ್ಲಿ ಕೆಲಸಮಾಡುವವನು ಹಗ್ಗವೇರಲು ಬಳಸುವ ಹಿಡಿತದ ಉಪಕರಣವಾದ ಜುಮಾರಿಗೂ ಅದು ಸಲ್ಲಬೇಕಾದದ್ದೇ. ಆದರೆ ಇಂದು ಪೂಜಿಸಿದ ವಸ್ತುವನ್ನು ನಾಳೆ ಸಂಶಯದ ಕಣ್ಣಿನಿಂದ ಪರೀಕ್ಷಿಸುವುದು ಶ್ರದ್ಧೆಗೆ ಊನವೇ?

ಶ್ರದ್ಧೆಯ ಈ ಪ್ರಶ್ನೆ ಒಂದು ಹಳೆಯ ವಾದವನ್ನು ನೆನಪಿಸುತ್ತದೆ. ಶರಣಾಗತಿಯ ವಿಷಯದಲ್ಲಿ ಶ್ರೀವೈಷ್ಣವರೊಳಗೆ ವಡಗಲೆಯವರು ಮರ್ಕಟಕಿಶೋರನ್ಯಾಯವನ್ನೂ ತೆಂಗಲೆಯವರು ಮಾರ್ಜಾರಕಿಶೋರನ್ಯಾಯವನ್ನೂ ಹಿಡಿದು ಶತಮಾನಗಳಿಂದ ವಾದಿಸುತ್ತ ಬಂದಿರುವರು: ಕೋತಿಯಂತೆ ಮರಿಯೇ ತಾಯಿಯನ್ನು ತಬ್ಬಿಹಿಡಿಯಬೇಕೋ, ಬೆಕ್ಕಿನಂತೆ ತಾಯಿಯೇ ಮರಿಯನ್ನು ಕಚ್ಚಿಕೊಂಡೊಯ್ಯುವಳೋ? ಸ್ವಿಟ್ಜರ್ಲೆಂಡಿನ ಜೂಸಿ ಮತ್ತು ಮಾರ್ಟಿ ಎಂಬಿಬ್ಬರು 1958ರಲ್ಲಿ ರೂಪಿಸಿ, ತಮ್ಮ ಹೆಸರುಗಳ ಆದಿಭಾಗಗಳನ್ನೇ ಕೂಡಿಸಿ ನಾಮಕರಣ ಮಾಡಿದ ಈ ಜುಮಾರು ಎರಡು ಪಕ್ಷಕ್ಕೂ ಸಾಕ್ಷಿ ನುಡಿಯಬಲ್ಲುದು. ಮೇಲಕ್ಕೆ ನೂಕಿದರೆ ಹಗ್ಗದ ಮೇಲೆ ಜಾರುತ್ತದೆ. ಆ ನೂಕುವ ಯತ್ನ ಮನುಷ್ಯನದು. ಭಾರ ಬಿದ್ದೊಡನೆ, ಸ್ಪ್ರಿಂಗಿನಿಂದ ಹಗ್ಗಕ್ಕೆ ಒತ್ತಿಕೊಂಡಿದ್ದ ಹಲ್ಲುಳ್ಳ ಕ್ಯಾಮು ತಿರುಗಿ ತಾನೇ ಕಚ್ಚುತ್ತದೆ. ಭಾರವನ್ನು ಒಪ್ಪಿಸಿದಷ್ಟೂ ಹಿಡಿತ ಬಿಗಿಯಾಗುವುದೆಂದರೆ, ತನ್ನ ಭಾರವನ್ನೆಲ್ಲ ಭಗವಂತನಿಗೊಪ್ಪಿಸುವ ಭರನ್ಯಾಸಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನ ದೊರೆಯದು.

ನಿದರ್ಶನವು ನಿಲ್ಲುವುದೂ ಇಲ್ಲಿಯೇ. ಭಗವಂತನು ಸವೆಯನು, ಉಕ್ಕಿನ ಹಲ್ಲು ಸವೆಯುತ್ತದೆ. ಪ್ರಪತ್ತಿಯ, ಎಂದರೆ ಶರಣಾಗತಿಯ, ಐದು ಅಂಗಗಳಲ್ಲಿ ಒಂದಾದ ಮಹಾವಿಶ್ವಾಸವು ಅವಿನಾಶಿಯಾದುದಕ್ಕೆ ಸಲ್ಲತಕ್ಕದ್ದು. ಅದನ್ನು ನಶ್ವರವಾದ ಯಂತ್ರದ ಮೇಲಿಡುವುದು ಭಕ್ತಿಯ ಸೋಗು ಹಾಕಿದ ಆಲಸ್ಯವೆಂದೇ ನನ್ನ ಮತ. ಕೆಮ್ಮಣ್ಣಿನ ಕೆಸರೋ ಗ್ರಾನೈಟಿನ ಧೂಳೋ ಹಲ್ಲುಗಳ ಸಂದಿನಲ್ಲಿ ತುಂಬಿದರೆ ಕ್ಯಾಮು ಕಚ್ಚದೆ ಜಾರೀತು. (ಪೂಜೆಯ ಕುಂಕುಮವೂ ಪುಡಿಯೇ, ಅದನ್ನು ಹಿಡಿಕೆಗೆ ಹಚ್ಚಿದರೆ ಸಾಕು.) ಹಗ್ಗವನ್ನು ಸಡಿಲಬಿಟ್ಟು ಅದನ್ನು ಕಟ್ಟಿದ ನೆಲೆಗಿಂತ ಮೇಲೇರಿದವನು ಜಾರಿದನೆಂದರೆ, ಕಾಯಬೇಕಾದ ಆ ಹಲ್ಲುಗಳೇ ಪತನದ ಹೊಡೆತಕ್ಕೆ ಹಗ್ಗದ ಹೊರಕವಚವನ್ನು ಸೀಳಿಹಾಕಬಲ್ಲುವು. ಆದುದರಿಂದ ಬಲ್ಲವರು ಹಗ್ಗವನ್ನು ಬಿಗಿಯಾಗಿರಿಸಿಕೊಂಡೇ ಏರುವರು, ಒಂದೇ ಹಿಡಿತವನ್ನು ನೆಚ್ಚದೆ ಎರಡನೆಯದನ್ನೂ ಇಟ್ಟುಕೊಳ್ಳುವರು, ಪೂರ್ಣಭಾರವನ್ನು ಬಿಡುವ ಮುನ್ನ ನೆಲದ ಸಮೀಪದಲ್ಲಿಯೇ ತೂಗಿನೋಡುವರು. ಕೆಲಸ ಮುಗಿದ ಬಳಿಕ ಬರಿಯ ನೀರಿನಲ್ಲಿ ಮೆದುವಾದ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಆರಿಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಹಗ್ಗಕ್ಕೆ ತಾಗದಂತೆ ಒರೆಸುವುದೂ ನನಗೆ ಆಯುಧಪೂಜೆಯ ವಿಧಿಯಾಗಿಯೇ ತೋರುತ್ತದೆ.

ಕಠಿನವಾದದ್ದು ತ್ಯಾಗದ ಘಟ್ಟ. ಇಷ್ಟು ಕಾಲ ಕಾಯ್ದ ವಸ್ತುವನ್ನು ಹಲ್ಲು ಸವೆಯಿತೆಂದು ಎಸೆಯಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ಭಿನ್ನವಾದ ವಿಗ್ರಹವನ್ನು ಪೂಜಿಸಲಾಗದೆಂದು, ಅದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಿಸಬೇಕೆಂದು ಕಟ್ಟಳೆಯಿಟ್ಟ ನಮ್ಮ ಸಂಪ್ರದಾಯಕ್ಕೆ ಈ ನಿಷ್ಠುರತೆ ಹೊಸತಲ್ಲ. ಕೃತಜ್ಞತೆಯಿಂದ ಗೂಟಕ್ಕೆ ತೂಗುಹಾಕಿದ ಹಳೆಯ ಜುಮಾರು, ಅದರ ಚರಿತ್ರೆಯನ್ನರಿಯದ ಎಳೆಯ ಕೆಲಸಗಾರನ ಕೈಗೆ ಒಂದು ಅವಸರದ ಬೆಳಿಗ್ಗೆ ಸಿಕ್ಕೀತು. ಅದನ್ನು ಮೊದಲೇ ಮುರಿದುಹಾಕುವುದೇ ಸರಿ.